ಎರಡು ಪದರದ ಬೆಟ್ಟ

"ಕಳ್ಳತನ ಆಗಿದೆ! ಅಪ್ಪನ ಬೆಟ್ಟ ಹೋಯ್ತು!"

ಪಕ್ಕದ ಮನೆಯ ರುಯ್‌ಲಿನ್ ಕೂಗಿದ್ದು ಕೇಳಿ, ಬೆಳಗಿನ ಗಂಜಿ ಬಿಟ್ಟು ಅಲ್ಲಿಗೆ ಓಡಿದೆವು. ನನ್ನ ಹೆಂಡತಿ ತಾವ್ ಯಿಂಗ್ ಸುಝೌ ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಅವಳ ಮೂಗು ಇನ್ನೂ ನಿವೃತ್ತವಾಗಿಲ್ಲ.

ಗೋಡೆಯ ಮೇಲೆ ಚಿತ್ರವೇನೋ ಇತ್ತು. ಆದರೆ ತೀರಿಹೋದ ಫಾಂಗ್ ಮೇಷ್ಟ್ರು ಕಡುಶಾಯಿಯಲ್ಲಿ ಬರೆದಿದ್ದ ಬೆಟ್ಟ ತೀರಾ ಮಸುಕಾಗಿತ್ತು. ಮೂಲೆಯಲ್ಲಿ ಅವರ ಹೆಸರಿನ ಕೆಂಪು ಮುದ್ರೆಯೇ ಇಲ್ಲ!

"ನಕಲಿ," ಎಂದ ಚಿತ್ರ ಒಯ್ಯಲು ಬಂದಿದ್ದ ಹರಾಜಿನವನು, ಗೂ.

ಮೇಷ್ಟ್ರ ಮಗ ರುಯ್‌ಲಿನ್ ಅವನ ಮೇಲೆ ಹರಿಹಾಯ್ದ. "ಹೋದ ವಾರ ಇದರ ಮುಂದೆ ಒಬ್ಬನೇ ಕೂತಿದ್ದೋನು ನೀನೇ ಅಲ್ವಾ?"

"ಮಾರೋ ಮನಸ್ಸಿಲ್ದಿದ್ರೆ ನೇರವಾಗಿ ಹೇಳಿ. ಈ ನಾಟಕ ಯಾಕೆ?"

ತಾಯಿ ಪೇಯ್‌ಝೆನ್ ಮೂಲೆಯಲ್ಲಿ ಮುದುಡಿ ಕುಳಿತಿದ್ದರು. ಚಿತ್ರಗಳ ಬೆನ್ನಿಗೆ ಕಾಗದ ಅಂಟಿಸಿ ಸುರುಳಿ ಮಾಡುವುದು ಅವರ ಜೀವಮಾನದ ಕಸುಬು. ಗಂಡನ ಚಿತ್ರಗಳಲ್ಲಿ ಉಳಿದಿದ್ದು ಇದೊಂದೇ. ಅಮ್ಮ ಬೇಡವೆನ್ನಲಿಲ್ಲವೆಂದು ಮಗ ಅದನ್ನೂ ಮಾರಲು ಒಪ್ಪಿದ್ದ.

ಯಿಂಗ್ ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ನಿಂತಳು.

"ಗೂ ಅವ್ರೇ, ನಕಲಿ ಮಾಡೋನು ಯಾವುದನ್ನ ಮರೆಯಲ್ಲ?"

"ಮುದ್ರೇನ."

"ಮತ್ತೆ ಇದರಲ್ಲಿ ಯಾಕಿಲ್ಲ?"

ಗೂ ಬಗ್ಗಿ ಚಿತ್ರದ ಮೂಲೆಯನ್ನು ಮತ್ತೆ ನೋಡಿದ.

"ಇದು ಮೇಷ್ಟ್ರು ಬರೆದದ್ದೇ. ಅವರ ಕಾಗದಕ್ಕೆ ಎರಡು ಪದರ. ಶಾಯಿ ಕೆಳಗಿನ ಪದರಕ್ಕೂ ಇಳಿಯುತ್ತೆ, ಮುದ್ರೆಯ ಎಣ್ಣೆಬಣ್ಣ ಇಳಿಯಲ್ಲ. ಯಾರೋ ಎರಡನ್ನೂ ಬಿಡಿಸಿ, ಕೆಳಗಿನದನ್ನ ಇಲ್ಲಿ ತೂಗುಹಾಕಿದ್ದಾರೆ."

"ಯಾರು?" ಎಂದ ರುಯ್‌ಲಿನ್.

"ಈ ಮನೇಲಿ ಆ ಕೈಚಳಕ ಇರೋದು ಒಬ್ಬರಿಗೇ. ಆದ್ರೆ ಮೋಸ ಮಾಡೋರು ಇಷ್ಟು ಮಸುಕಾದ್ದನ್ನ ಎಲ್ಲರ ಕಣ್ಣೆದುರು ತೂಗುಹಾಕ್ತಾರಾ? ವ್ಯತ್ಯಾಸ ಕಾಣದೇ ಇರೋರು ಮಾತ್ರ—" ಅವಳ ದನಿ ಮೆತ್ತಗಾಯಿತು. "ಪೇಯ್‌ಝೆನ್ ಅಕ್ಕಾ, ಕಣ್ಣು ಯಾವಾಗಿಂದ ಹೀಗಿದೆ?"

ರುಯ್‌ಲಿನ್ ಬೆಚ್ಚಿ ತಿರುಗಿದ.

"ಹೋದ ಚಳಿಗಾಲದಿಂದ," ಎಂದರು ಅವರು. "ಮಸುಕಿನದ್ದು ನಾನಿಟ್ಕೊಂಡು ಒಳ್ಳೇದನ್ನ ಮಾರೋಕೆ ನಿನಗೆ ಬಿಡೋಣ ಅಂತಿದ್ದೆ, ಮಗಾ. ಪದರ ಬಿಡಿಸೋವಾಗ ಬೆರಳು ತಪ್ಪಲಿಲ್ಲ. ಒಣಗಿಸಿ ತೆಗೆದಾಗ ಯಾವುದು ಯಾವುದು ಅಂತ ಕಣ್ಣಿಗೆ ಗೊತ್ತಾಗ್ಲಿಲ್ಲ."

ರಜಾಯಿಯ ಕೆಳಗಿದ್ದ ಸುರುಳಿಯನ್ನು ತೆಗೆದುಕೊಟ್ಟರು. ರುಯ್‌ಲಿನ್ ಬಿಚ್ಚಿದ. ಕಡುಶಾಯಿಯ ಬೆಟ್ಟ, ಕೆಂಪು ಮುದ್ರೆ. ಅವನು ಮಸುಕಿನದನ್ನು ಇಳಿಸಿದ, ಇದನ್ನು ಕಿಟಕಿಯ ಬೆಳಕಿಗೆ ತೂಗುಹಾಕಿದ, ಅಮ್ಮನ ಕುರ್ಚಿಯನ್ನು ಅದರ ಮುಂದಕ್ಕೆ ಎಳೆದ.

"ಈಗ ಕಾಣುತ್ತಾ?"

"ಬೆಟ್ಟ ಕಾಣುತ್ತೆ."

ಗೂ ಕೆಮ್ಮಿದ. "ಹಾಗಾದ್ರೆ... ಹರಾಜು?"

"ಇಲ್ಲ." ರುಯ್‌ಲಿನ್ ಮಸುಕು ಬೆಟ್ಟವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡ. "ಇದು ನನಗಿರಲಿ, ಅಮ್ಮ. ನನ್ನ ಕಣ್ಣು ಚೆನ್ನಾಗಿದೆ."