ಉಗುರುಬಣ್ಣ ಹಚ್ಚಿದ ಬೋಲ್ಟು

ಸುಟ್ಟ ಇಂಜಿನ್ನಿನ ವಾಸನೆ ಮೂಗಿಗೆ ಬಡಿದರೆ ಸಾಕು, ಕೆಡಿಸಿದವನು ಯಾರು, ಅವನು ಬೆಳಿಗ್ಗೆ ಏನು ತಿಂದಿದ್ದ ಎಂಬುದನ್ನೂ ಹೇಳಿಬಿಡುತ್ತೇನೆ ಎಂದು ದೊಡ್ಡತ್ತೆ ಕೊಚ್ಚಿಕೊಳ್ಳುತ್ತಾಳೆ. ಅದರಲ್ಲಿ ಅರ್ಧ ಸುಳ್ಳು ಎಂದು ಅವಳೇ ಒಪ್ಪುತ್ತಾಳೆ. ಯಾವ ಅರ್ಧ ಎಂದು ಕೇಳಿದರೆ ಮಾತ್ರ ಅವಳಿಗೆ ಕಿವಿ ಕೇಳಿಸುವುದಿಲ್ಲ.

ಆ ಬೆಳಿಗ್ಗೆ ಅವಳ ತಮ್ಮನ ಗ್ಯಾರೇಜಿಗೆ ಒಂದು ಟ್ಯಾಕ್ಸಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಬಾನೆಟ್ ಎತ್ತಿದರೆ ಸೀದ ಪಾತ್ರೆಯ ವಾಸನೆ. ಏಳು ಊರಿಗೆ ಅಡುಗೆ ಮಾಡಿ ಏಳು ಊರಿಗೂ ಸೀಯಿಸಿದಂತೆ! ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಹೊದಿಕೆ. ಹೊದ್ದು ಮಲಗಿದ್ದವನು ಇರಲಿಲ್ಲ.

ಟ್ಯಾಕ್ಸಿಯವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಅಪ್ಪಂಗೆ ಉಸಿರು ಕಟ್ತಾ ಇತ್ತು. ಆಸ್ಪತ್ರೆ ಬೋರ್ಡು ಕಾಣ್ತಾ ಇತ್ತು ಕಣ್ರೀ. ಅಲ್ಲೇ ನಿಂತ್ಹೋಯ್ತು. ನಿನ್ನೆ ತಾನೇ ಇಲ್ಲಿ ರಿಪೇರಿ ಮಾಡಿಸ್ಕೊಂಡ್ ಹೋಗಿದ್ದೆ. ಅಪ್ಪ ಗಾಡೀಲೇ ಹೋದ." ಅವನು ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಠಾಣೆಗೆ ಹೇಳಿದೀನಿ. ಮಾಡಿದ್ಯಾರು ಅಂತ ಅವರೇ ಬಂದು ಕೇಳ್ತಾರೆ."

"ನಾನೇ," ಎಂದ ಯಜಮಾನರ ಅಳಿಯ. ಆ ಗ್ಯಾರೇಜಿನ ಮೆಕ್ಯಾನಿಕ್ ಅವನೇ. "ಪುಲ್ಲಿ ಬೋಲ್ಟು ಬಿಗಿ ಮಾಡೋದು ಮರ್ತೆ."

ಯಜಮಾನರು, ಎಂದರೆ ದೊಡ್ಡತ್ತೆಯ ತಮ್ಮ, ಉರಿದುಬಿದ್ದರು. "ನನ್ನ ಗ್ಯಾರೇಜಿಂದ ಇವತ್ತಿನವರೆಗೆ ಒಂದು ಬೋಲ್ಟು ಸಡಿಲ ಹೋಗಿಲ್ಲ! ಜೈಲಿಗಾದ್ರೂ ಹೋಗು, ಬಾವಿಗಾದ್ರೂ ಬೀಳು. ನಿನ್ನ ಮುಖ ತೋರಿಸ್ಬೇಡ!"

ಬೈಯುತ್ತ ಬೈಯುತ್ತ ಅವರ ಬೆರಳಿನ ಸಿಗರೇಟು ಸುಟ್ಟು ಚರ್ಮಕ್ಕೆ ಬಂದಿತ್ತು. ದೊಡ್ಡತ್ತೆ ಅದನ್ನು ಪಟ್ಟನೆ ಹೊಡೆದು ಬೀಳಿಸಿದಳು. "ಬೆರಳು ಬೇಯ್ತಾ ಇದೆ ಕಣೋ! ಕೋಪದಲ್ಲಿ ಮೈಮೇಲೆ ಪ್ರಜ್ಞೆ ಬೇಡ್ವಾ?"

ಗೋಡೆಗೆ ಒರಗಿ ನಿಂತಿದ್ದ ಯಜಮಾನರ ಮಗಳು ಗಂಡನನ್ನೇ ನೋಡುತ್ತಿದ್ದಳು. "ಅತ್ತೆ, ಇವರು ಮರೆಯೋ ಜಾತಿ ಅಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡೋ ಮನುಷ್ಯ. ಇವರನ್ನ ಕರ್ಕೊಂಡ್ ಹೋಗ್ತಾರೆ ಅತ್ತೆ. ಏನಾದ್ರೂ ಮಾಡಿ."

ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ಟ್ಯಾಕ್ಸಿಯ ಹತ್ತಿರ ಹೋದಳು.

"ಬಾರಪ್ಪ ಅಳಿಯದೇವರೇ. ಏನ್ ಮಾಡ್ದೆ ಇದಕ್ಕೆ? ನಂಗರ್ಥ ಆಗೋ ಹಾಗೆ ಹೇಳು. ನಾನು ಎರಡನೇ ಕ್ಲಾಸು, ಅದೂ ಮೇಷ್ಟ್ರ ಕರುಣೆ."

"ಆಯಿಲ್ ಒಸರ್ತಾ ಇತ್ತು ದೊಡ್ಡತ್ತೆ. ತಿರುಗೋ ದಂಡದ ತುದೀಲಿ ಒಂದು ರಬ್ಬರ್ ಸೀಲು ಇರತ್ತೆ, ಅದು ಸವೆದಿತ್ತು. ಅದನ್ನ ತೆಗೀಬೇಕಂದ್ರೆ ಮುಂದಿರೋ ಚಕ್ರ, ಅದೇ ಪುಲ್ಲಿ, ಬಿಚ್ಬೇಕು. ಆ ಪುಲ್ಲಿಯಿಂದ ಸಣ್ಣ ಬೆಲ್ಟು ವಾಟರ್ ಪಂಪಿಗೆ ಹೋಗತ್ತೆ. ಅದು ತಿರುಗಿದ್ರೆ ಪಂಪು ತಿರುಗತ್ತೆ, ನೀರು ಓಡಾಡತ್ತೆ, ಇಂಜಿನ್ ತಣ್ಣಗಿರತ್ತೆ."

"ತಿರುಗದಿದ್ರೆ?"

"ಹೀಗೆ."

"ಹೊಸ ಸೀಲು?"

"ಹಾಕ್ದೆ."

"ಪುಲ್ಲಿ?"

"ಕೂರಿಸ್ದೆ."

"ಬೋಲ್ಟು?"

"ಮರ್ತೆ ಅಂದ್ನಲ್ಲ!"

"ಅಷ್ಟು ಜೋರಾಗಿ ಮರ್ತೋರನ್ನ ನಾನು ನೋಡೇ ಇಲ್ಲ. ಮುಚ್ಚಳ ಬಿಚ್ಚು."

ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಪುಲ್ಲಿ ಜಾರಿ ಓರೆಯಾಗಿತ್ತು. ಬೆಲ್ಟು ಜೋತುಬಿದ್ದಿತ್ತು. ಮುಚ್ಚಳದ ತಳದಲ್ಲಿ ಬಿದ್ದಿದ್ದ ಬೋಲ್ಟನ್ನು ಅವನು ಗಬಕ್ಕನೆ ಹೆಕ್ಕಿ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಕೊಡಿಲ್ಲಿ. ಅದೇನು ಬಂಗಾರವಾ?"

ಬೋಲ್ಟಿನ ತಲೆಯ ಮೇಲೆ ಒಂದು ಕೆಂಪು ಗೆರೆ. ಗೆರೆ ಅಂಚಿಗೆ ಇಳಿದ ಕಡೆ ಬಣ್ಣ ಕೆರೆದುಹೋಗಿ ಲೋಹ ಮಿರಮಿರ ಮಿಂಚುತ್ತಿತ್ತು.

"ಗಂಡಸರ ಗ್ಯಾರೇಜಲ್ಲಿ ಇದೇನಮ್ಮ ಉಗುರುಬಣ್ಣ?"

"ನಂದೇ ಅತ್ತೆ," ಎಂದಳು ಅವಳ ಸೋದರಸೊಸೆ, ಯಜಮಾನರ ಮಗಳು. "ನನ್ನ ಬೆರಳಿಗಿಂತ ಇವರ ಬೋಲ್ಟುಗಳೇ ಜಾಸ್ತಿ ಹಚ್ಕೊಂಡಿವೆ. ಬಿಗಿ ಮಾಡಿದ ಮೇಲೆ ಬೋಲ್ಟಿಂದ ಪುಲ್ಲಿಗೆ ಒಂದು ಗೆರೆ ಎಳೀತಾರೆ. ಬೋಲ್ಟು ಕದಲಿದ್ರೆ ಗೆರೆ ತಪ್ಪತ್ತೆ, ಗೊತ್ತಾಗ್ಲಿ ಅಂತ."

"ಬಿಗಿ ಮಾಡೋಕೆ ಮುಂಚೆನೋ, ಆಮೇಲೋ?"

"ಆಮೇಲೇ."

ಅಳಿಯ ತಲೆ ತಗ್ಗಿಸಿದ. ಬಿಗಿ ಮಾಡುವುದನ್ನು ಮರೆತವನು ಗೆರೆ ಎಳೆಯುವುದನ್ನು ಹೇಗೆ ನೆನಪಿಟ್ಟುಕೊಂಡ? ಗೆರೆ ಎಳೆದ ಮೇಲೆ ಬಣ್ಣ ಕೆರೆದದ್ದು ಯಾವ ಸ್ಪ್ಯಾನರು?

ದೊಡ್ಡತ್ತೆ ಗೇಟಿಗೆ ಹೋದಳು. "ಅಪ್ಪಯ್ಯ, ದಾರೀಲಿ ಯಾರಾದ್ರೂ ಗಾಡಿ ಬಿಚ್ಚಿದ್ರಾ?"

"ಬಾನೆಟ್ ಎತ್ತೋಕೂ ನಂಗೆ ಬರಲ್ಲ ಅಜ್ಜಿ. ಅಪ್ಪನೇ ಎತ್ತಿ ನೀರು ಹಾಕೋನು," ಎಂದು ಅವನು ಮತ್ತೆ ನೆಲ ನೋಡಿದ.

"ಅಂಗಡಿಯವನು ಕಳಪೆ ಬೋಲ್ಟು ಕೊಟ್ನೇನೋ?"

"ಹಳೇ ಬೋಲ್ಟೇ ದೊಡ್ಡತ್ತೆ."

"ಹಾಗಾದ್ರೆ ನೀನು ಬಿಗಿ ಮಾಡಿದ ಮೇಲೆ ಮುಟ್ಟಿದ್ಯಾರು?"

"ಯಾರೂ ಇಲ್ಲ."

ಸೊಸೆಯೂ ಅದನ್ನೇ ಹೇಳಿದಳು. ಯಜಮಾನರು ಆಚೆಯಿಂದ ಗುಡುಗಿದರು: "ನನ್ನ ಗ್ಯಾರೇಜಲ್ಲಿ ಯಾವನು ಮುಟ್ತಾನೆ?"

ಗುಡುಗಿದವರು ಅಲ್ಲಿ ಕಾಯುತ್ತಿದ್ದ ಇನ್ನೊಂದು ಕಾರಿನ ಮೇಲೆ ಬಗ್ಗಿದರು. ಉದ್ದನೆಯ ಸ್ಪ್ಯಾನರು ಹಿಡಿದು ಒಂದೊಂದೇ ಬೋಲ್ಟಿಗೆ ಇಟ್ಟು, ಬಲಕ್ಕೆ ಒಂದು ಎಳೆತ. ಮುಂದಿನದಕ್ಕೆ ಇನ್ನೊಂದು. ಕೆಲಸ ಯಾರೇ ಮಾಡಿರಲಿ, ಯಜಮಾನರ ಕೈ ಬೀಳದೆ ಆ ಗ್ಯಾರೇಜಿನ ಗಾಡಿ ಹೊರಗೆ ಹೋಗುವ ಹಾಗಿಲ್ಲ. ಅದು ಎಂದಿನಿಂದಲೂ ನಡೆದುಬಂದದ್ದು. ಅದನ್ನು ಯಾರೂ ಮುಟ್ಟುವುದು ಎನ್ನುವುದಿಲ್ಲ.

ದೊಡ್ಡತ್ತೆ ಆ ಸ್ಪ್ಯಾನರನ್ನೇ ನೋಡಿದಳು. ಈ ಪತ್ತೇದಾರಿಕೆ ಇಲ್ಲಿಗೇ ಸಾಕು, ಮೇಲೆ ಹೋಗಿ ಮಲಗೋಣ ಎನಿಸಿತು. ಆದರೆ ಅಷ್ಟರಲ್ಲಿ ಸೊಸೆ ಬಂದು ಅವಳ ಕೈ ಹಿಡಿದಿದ್ದಳು.

ಅಳಿಯನನ್ನೂ ಕರೆದುಕೊಂಡು ಮೂವರೂ ಟೈರು ಪೇರಿಸಿದ ಕೋಣೆಗೆ ಹೋದರು. ದೊಡ್ಡತ್ತೆ ಬಾಗಿಲು ಹಾಕಿಕೊಂಡಳು.

"ಎಲ್ಲಾ ಬೋಲ್ಟೂ ಬಲಕ್ಕೆ ತಿರುಗಿಸಿದ್ರೆ ಬಿಗಿಯಾಗತ್ತೇನೋ?"

ಅಳಿಯ ಟೈರುಗಳ ಕಡೆ ತಿರುಗಿದ.

"ಕೇಳಿದ್ದು ನಿನ್ನನ್ನೇ. ಟೈರನ್ನಲ್ಲ."

"ಇದೊಂದು ಉಲ್ಟಾ ಥ್ರೆಡ್ಡು. ಎಡಕ್ಕೆ ತಿರುಗಿಸಿದ್ರೆ ಬಿಗಿ. ಬಲಕ್ಕಾದ್ರೆ—"

"ಸಡಿಲ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೊಸ ನಮೂನೆ ಇಂಜಿನ್ನು. ನನ್ನ ತಮ್ಮ ಇಂಥದ್ದನ್ನ ಬಿಚ್ಚೇ ಇಲ್ಲ. ನೀನು ಬಿಗಿ ಮಾಡಿ, ಬಣ್ಣ ಹಚ್ಚಿ ಇಟ್ಟೆ. ಅವನು ಬಂದ. ಎಂದಿನ ಹಾಗೆ ಬಲಕ್ಕೆ ಎಳೆದ. ಬೋಲ್ಟು ಕಿರ್ ಅಂದಿರತ್ತೆ. ಕಚ್ಕೊಳ್ತು ಅಂದ್ಕೊಂಡ. ಅದು ಬಿಟ್ಕೊಂಡಿತ್ತು. ಹೌದೋ ಅಲ್ವೋ?"

"ಅಪ್ಪಂಗೆ ಕೈಗೆ ಗೊತ್ತಾಗಲ್ವಾ ಅತ್ತೆ?" ಎಂದಳು ಸೊಸೆ. "ಕಣ್ಮುಚ್ಚಿ ಮುಟ್ಟಿ ಹೇಳೋರು!"

"ಬೆರಳು ಸಿಗರೇಟಲ್ಲಿ ಬೇಯ್ತಾ ಇದ್ರೂ ಅವನಿಗೆ ಗೊತ್ತಾಗ್ಲಿಲ್ಲ ಮಗಳೇ. ನಾನು ಕೋಪ ಅಂದ್ಕೊಂಡೆ. ಅಲ್ಲ. ಆ ಕೈ ಜೋಮು ಹಿಡಿದು ಯಾವ ಕಾಲ ಆಯ್ತೋ. ಯಾರಿಗೂ ಹೇಳಿಲ್ಲ. ಮಾಡಿದೋನು ನಿಮ್ಮಪ್ಪ."

ಹೊರಗೆ ಸ್ಪ್ಯಾನರು ಟಣ್ ಎಂದು ಬಿದ್ದ ಸದ್ದು. ಮತ್ತೆ ಎತ್ತಿಕೊಂಡ ಸದ್ದು.

"ನೀನ್ಯಾಕೋ ಮುಚ್ಚಳ ಹಾಕೋ ಮುಂಚೆ ನೋಡ್ಲಿಲ್ಲ?"

"ಕೈ ತೊಳ್ಯೋಕೆ ಹೋಗಿದ್ದೆ. ಬಂದಾಗ ಮಾವ, ಆಯ್ತು ಮುಚ್ಚು ಅಂದ್ರು. ಅವರ ಕೈ ಬಿದ್ದ ಮೇಲೆ ಅವರೆದುರಿಗೇ ಟಾರ್ಚ್ ಬಿಟ್ಟು ನೋಡೋದಾ ದೊಡ್ಡತ್ತೆ? ಮುಚ್ಚಿದೆ. ಇಂಜಿನ್ ಸುಟ್ಟು ಗಾಡಿ ನಿಂತಿದೆ ಅಂದಾಗಲೇ ಗೊತ್ತಾಯ್ತು. ಅವರಿಗಿರೋ ಹೆಮ್ಮೆ ಅಂದ್ರೆ ಆ ಕೈಯೊಂದೇ. ಅದನ್ನೂ ಕಿತ್ಕೊಳ್ಳೋದಾ? ನಾನೇ ಹೋಗ್ತೀನಿ ಬಿಡಿ."

"ಹೋಗ್ತಾರಂತೆ!" ಸೊಸೆ ಅವನ ಎದೆಗೆ ಗುದ್ದಿದಳು. ಗುದ್ದಿದವಳೇ ಅಂಗಿ ಹಿಡಿದುಕೊಂಡು ಅತ್ತಳು. ಅಪ್ಪನನ್ನು ಹಿಡಿದುಕೊಡಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

ಜೀಪು ಬಂದು ನಿಂತಿತು.

"ಅಕ್ಕಾ! ಆ ಮರೆಗುಳಿ ದೊರೆಯನ್ನ ಹೊರಗೆ ಕಳ್ಸು! ಠಾಣೆಯವರು ಬಂದಿದಾರೆ!" ಯಜಮಾನರ ದನಿ.

ಹೊರಗೆ ಇನ್‌ಸ್ಪೆಕ್ಟರು, ಅವರ ಹಿಂದೆ ಟ್ಯಾಕ್ಸಿಯವನು. ಪಕ್ಕದಲ್ಲಿ ದೊಡ್ಡತ್ತೆಯ ತಮ್ಮ, ಎಣ್ಣೆಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತಿದ್ದ. ಸುಟ್ಟ ಗಾಯದ ಮೇಲೆಯೇ ಉಜ್ಜುತ್ತಿದ್ದ, ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ.

"ಆ ಬೋಲ್ಟಿಗೆ ಕೊನೇದಾಗಿ ಕೈ ಹಾಕಿದ್ಯಾರು?" ಇನ್‌ಸ್ಪೆಕ್ಟರು ಕೇಳಿದರು.

"ನಾನೇ ಸಾರ್," ಎಂದ ಅಳಿಯ.

"ಸುಳ್ಳು!" ಎಂದಳು ಹೆಂಡತಿ. ಅಪ್ಪನ ಮುಖ ನೋಡಿದಳು. ಗಂಡನ ಮುಂದೆ ಅಡ್ಡ ನಿಂತಳು.

ಇನ್‌ಸ್ಪೆಕ್ಟರು ಮುದುಕಿಯ ಕಡೆ ತಿರುಗಿದರು. "ನೀವು ಹೇಳಿ ಅಜ್ಜಿ."

ಒಂದು ಹೆಸರು ಹೇಳಿದರೆ ಸೊಸೆಯ ಗಂಡ ಜೀಪು ಹತ್ತುತ್ತಾನೆ. ಇನ್ನೊಂದು ಹೇಳಿದರೆ ಅವಳ ಅಪ್ಪ. ಯಾವುದನ್ನು ಹೇಳಿದರೂ ಟ್ಯಾಕ್ಸಿಯವನ ಅಪ್ಪ ಎದ್ದು ಬರುವುದಿಲ್ಲ. ಹುಟ್ಟಿದಂದಿನಿಂದ ಬಾಯಿ ಮುಚ್ಚದ ದೊಡ್ಡತ್ತೆ ಅಂದು ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ, ಅಷ್ಟರಲ್ಲಿ ಒಂದು ಮಗು ಹುಟ್ಟಿ ಮದುವೆಯಾಗಬಹುದಿತ್ತು.

ಆಮೇಲೆ ಒಂದೇ ಒಂದು ಹೆಸರು ಹೇಳಿದಳು.

ಯಾರದು? ನೀವೇ ಹೇಳಿ ನೋಡೋಣ. ಆದರೆ ಬೋಲ್ಟನ್ನು ಬಲಕ್ಕೆ ಎಳೆದವನು ನಿಮ್ಮ ಸ್ವಂತ ತಮ್ಮ ಎಂದುಕೊಂಡು ಹೇಳಿ.