ಕಾಲಿಗೆ ರಜೆ ಕೊಟ್ಟ ವಾರ

ಯಲಹಂಕ ಕೆರೆ ಪಕ್ಕದ ಟೀ ಅಂಗಡಿಯಲ್ಲಿ ರಕ್ಷಾ ಕಳ್ಳಿಯ ಹಾಗೆ ಸಿಕ್ಕಿಬಿದ್ದಳು. ತಲೆ ಮೇಲೆ ಹೆಲ್ಮೆಟ್, ಮುಖದ ತುಂಬ ಬೆವರು, ಕೈಯಲ್ಲಿ ಅರ್ಧ ಬನ್ನು. ಎದುರಿಗೆ ಯೋಗಾನಂದ.

"ರೆಸ್ಟ್ ಮಾಡ್ತಿದೀನಿ ಅಂತ ವಾಟ್ಸಾಪ್ ಮಾಡಿದ್ರಲ್ಲ?"

"ಮಾಡಾಕತ್ತೀನಲ್ರಿ. ಕುಂತೀನಿ ನೋಡ್ರಿ."

ಅವನು ನಗಲಿಲ್ಲ. ಶನಿವಾರ ಆರುನೂರು ಕಿಲೋಮೀಟರಿನ ಸವಾರಿ. ಅದಕ್ಕೆ ಮುಂಚಿನ ದಿನಗಳಲ್ಲಿ ಸೈಕಲ್ ತುಳಿಯುವುದನ್ನು ಕಡಿಮೆ ಮಾಡಿ ಕಾಲಿಗೆ ಬಿಡುವು ಕೊಡಬೇಕು. ಟೇಪರ್ ಅನ್ನುತ್ತಾರೆ. ಇಷ್ಟು ದಿನ ಬೆನ್ನು ಬಿದ್ದು ನಂದಿ ಬೆಟ್ಟ ಹತ್ತಿಸಿದವನೂ ಇವನೇ, ಈಗ ಸುಮ್ಮನೆ ಮಲಗಿ ಅಂತ ಗೋಗರೆಯುವವನೂ ಇವನೇ. ಮದುವೆಯಾಗ್ತೀರಾ ಅಂತ ಕೇಳಿದವನೂ ಇವನೇ. ರೈಡ್ ಮುಗೀಲಿ, ಹೇಳ್ತೀನಿ ಅಂದಿದ್ದಳು ರಕ್ಷಾ.

"ನನ್ನಿಂದ ತಪ್ಪಿಸ್ಕೊಂಡು ಓಡಾಡ್ತಿದ್ರೆ ಹೇಳ್ಬಿಡಿ," ಅಂದ. "ಅದಕ್ಕೋಸ್ಕರ ಕಾಲು ಹಾಳ್ಮಾಡ್ಕೋಬೇಡಿ."

"ನಿಮ್ಮಿಂದ ಅಲ್ರಿ. ಶಿವಪ್ರಕಾಶನಿಂದ."

ಯೋಗಾನಂದ ಬೆಂಚಿನ ಮೇಲೆ ಕೂತ. ಶಿವಪ್ರಕಾಶ ಅವಳಿಗೆ ನಿಶ್ಚಯವಾಗಿದ್ದ ಹುಡುಗ, ಗದಗಿನವನು. ಇವನಿಗೆ ಜೀವದ ಗೆಳೆಯ. ಮೂವರೂ ಒಟ್ಟಿಗೇ ಸೈಕಲ್ ತುಳಿದವರು. ಎರಡು ವರ್ಷದ ಹಿಂದೆ, ಲಗ್ನಪತ್ರಿಕೆ ಹಂಚುವ ಹೊತ್ತಿಗೆ ಜ್ವರ ಬಂತು. ಹೋಗಿಬಿಟ್ಟ.

"ಪೆಡಲ್ ತುಳಿಯೂಮುಂದ ಹಿಂದಿನ ಗಾಲಿ ಫ್ರೀವೀಲ್ ಸುಮ್ನಿರ್ತದ. ತುಳಿಯೂದು ಬಿಟ್ರ ಟಿಕ್ ಟಿಕ್ ಅಂತದಲ್ರಿ, ನಂದೂ ಹಂಗ ಆಗೇದ," ಅಂದಳು. "ದಣದು ಬಂದ್ರ ನಿದ್ದಿ ಹತ್ತತದ. ಸುಮ್ನ ಮಲಗಿದ್ರ ಅಂವನ ಸೈಕಲ್ ಗೇಟಿನಾಗ ಬಂದ ಸಪ್ಪಳ."

ಆ ಸೈಕಲ್ ಈಗ ಗದಗಿನಲ್ಲಿ ಶಿವಪ್ರಕಾಶನ ತಮ್ಮನ ಹತ್ತಿರ ಇದೆ. ಅದು ಇಬ್ಬರಿಗೂ ಗೊತ್ತು.

"ಹೆದರಿಕೆ ಆಗುತ್ತಾ?"

"ಅಂವ ಬರ್ತಾನಂತ ಹೆದರಿಕಿಲ್ರಿ." ಬನ್ನನ್ನು ಪುಡಿ ಮಾಡುತ್ತ ಕೂತಳು. "ನಿಮಗ ಹೂಂ ಅಂದ್ರ ಬರೂದು ಬಿಡ್ತಾನೇನೋ ಅಂತ."

ಹೇಳಿದ ಮೇಲೆ ನಾಚಿಕೆಯಿಂದ ಸತ್ತೇಹೋದಳು. ಕೈ ಹಿಡಿಯುತ್ತೇನೆ ಅಂದವನ ಮುಂದೆ ಯಾರಾದರೂ ಇಂಥ ಮಾತಾಡುತ್ತಾರಾ? ಯೋಗಾನಂದ ಪಕ್ಕದಲ್ಲಿ ಒರಗಿಸಿದ್ದ ಅವಳ ಸೈಕಲ್ಲಿನ ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದ.

"ಮಧ್ಯಾಹ್ನ ಮಲ್ಕೊಳ್ಳಿ," ಅಂದ ಕೊನೆಗೆ. "ನಾನು ಬಂದು ಬಾಗಿಲ ಹತ್ರ ಕೂತಿರ್ತೀನಿ."

ಬಂದ. ಮನೆ ಓನರ್ ಮುನಿಕೆಂಪಮ್ಮ ಜಗುಲಿ ಮೇಲೆ ಕುರ್ಚಿ ಹಾಕಿಕೊಟ್ಟು, "ನಿದ್ದೆಗೂ ಕಾವಲಾ ಈ ಮಗೀಗೆ? ಇಂಗೂ ಉಂಟಾ!" ಅಂತ ಗೊಣಗಿಕೊಂಡು ಒಳಗೆ ಹೋದಳು.

ರಕ್ಷಾ ಚಾಪೆಯ ಮೇಲಿಂದ ಓರೆಗಣ್ಣಲ್ಲಿ ನೋಡಿದಳು. ಅರ್ಧ ಬೆರಳಿನ ಗ್ಲೌಸ್ ಹಾಕಿ ಹಾಕಿ ಅವನ ಅಂಗೈ ಹಿಂಭಾಗ ಬೆಳ್ಳಗೆ, ಬೆರಳುಗಳು ಮಾತ್ರ ಬಿಸಿಲಿಗೆ ಕಪ್ಪಾಗಿದ್ದವು. ನಗು ಬಂತು. ಆ ಬೆರಳುಗಳನ್ನು ಮುಟ್ಟಬೇಕು ಅನ್ನಿಸಿತು. ಅವನು ತಟ್ಟನೆ ತಿರುಗಿದ.

"ಕಣ್ಣು ಮುಚ್ಚಿ."

"ಮುಚ್ಚೀನ್ರಿ."

"ಹಂಗಾದ್ರೆ ನನ್ನ ನೋಡ್ತಿರೋರು ಯಾರು?"

ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬಂತು. ಗೇಟಿನ ಆಚೆ, ಟಿಕ್ ಟಿಕ್ ಟಿಕ್. ದಡಕ್ಕನೆ ಎದ್ದು ಕೂತಳು.

"ಬಂದ. ನಿಮಗ ಕೇಳಸ್ತೇನ್ರಿ?"

ಅವನು ನಿಜವಾಗಿಯೂ ಕಿವಿಗೊಟ್ಟು ಕೇಳಿದ. "ಇಲ್ಲ ಕಣ್ರೀ."

ಹೂಂ ಅಂತ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲವಲ್ಲ ಅಂತ ಅವಳ ಜೀವ ತಣ್ಣಗಾಯಿತು.

"ಮದವಿ ಆದಮ್ಯಾಲೂ ಅಂವ ಬಂದ್ರ?"

"ಬರ್ಲಿ ಬಿಡಿ. ನನಗೂ ಫ್ರೆಂಡ್ ಅಲ್ವಾ? ಮೂರು ಲೋಟ ಕಾಫಿ ಇಡ್ತೀನಿ."

"ಅಂವಗ ಕಾಫಿ ಸೇರಂಗಿಲ್ಲ."

"ಗೊತ್ತು. ಅವನಿಗೆ ಟೀ," ಅಂದ.

ರಕ್ಷಾ ಬಂದು ಹೊಸ್ತಿಲ ಮೇಲೆ, ಅವನ ಕುರ್ಚಿಗೆ ಒತ್ತಿಕೊಂಡು ಕೂತಳು. ಅಳು ಬರುತ್ತಿತ್ತು, ತಡೆಯಲಿಲ್ಲ. ಅವನ ಬೆರಳುಗಳನ್ನು ಹಿಡಿದು, "ಹೂಂ ರೀ," ಅಂದಳು. ಅಂದವಳೇ ಉಸಿರು ಬಿಗಿಹಿಡಿದು ಗೇಟಿನ ಕಡೆ ಕಿವಿಯಿಟ್ಟಳು.

"ಇನ್ನೂ ಇದ್ದಾನ್ರಿ."

ಯೋಗಾನಂದ ಎದ್ದು ಹೋಗಿ ಗೇಟಿನ ಚಿಲಕ ತೆಗೆದಿಟ್ಟು ಬಂದ.