ಮೂರು ಗಂಟಿನ ಬಾಟಲಿ

ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಬಣ್ಣದ ಕಾರ್ಖಾನೆ ಹಿಂದಿನ, ಊರೆಲ್ಲ ಕುಡಿಯುವ ಬಾವಿಯಿಂದ ಐದು ಬಾಟಲಿ ತುಂಬಿ, ಮುಚ್ಚಳಕ್ಕೆ ದಾರ ಸುತ್ತಿ ಒಂದೇ ಗಂಟು ಹಾಕಿ ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಹೋದ ತಿಂಗಳು ಒಂದು ಮಧ್ಯಾಹ್ನ ನೀರು ಪರೀಕ್ಷೆಯ ಕಚೇರಿಯಲ್ಲಿ ಪೆಟ್ಟಿಗೆ ತೆರೆದರೆ ಆರು ಬಾಟಲಿ. ಆರನೆಯದು ಸುಡುಬಿಸಿಲಲ್ಲೂ ಕೈ ಕೊರೆಯುವಷ್ಟು ತಣ್ಣಗಿತ್ತು. ದಾರಕ್ಕೆ ಮೂರು ಗಂಟು. ಹಾಗೆ ಕಟ್ಟುತ್ತಿದ್ದವರು ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಸೋದರಮಾವ. ಅದೇ ನೀರು ಕುಡಿದು ಹೋದ ವರ್ಷ ತೀರಿಕೊಂಡರು.

"ಇದು ಪಟ್ಟಿಯಲ್ಲಿಲ್ಲ, ಚೆಲ್ಲಿಬಿಡಮ್ಮ," ಎಂದ ಗುಮಾಸ್ತ.

"ಚೆಲ್ಲಲ್ಲ. ಬರ್ಕೊಳ್ಳಿ," ಅಂತ ಪಟ್ಟು ಹಿಡಿದು ಕೂತೆ.

ನನ್ನ ಐದೂ ಪರೀಕ್ಷೆಗೆ ಮುಂಚೆಯೇ ಆ ಕಚೇರಿಯಲ್ಲಿ ಕಾಣೆಯಾದವು. ಆರನೆಯದರಲ್ಲಿ ವಿಷ ಸಿಕ್ಕಿತು. ಕಾರ್ಖಾನೆಯವರು ಒಪ್ಪಲಿಲ್ಲ; ಮತ್ತೊಮ್ಮೆ ಪರೀಕ್ಷೆ ಆಗಲಿ ಎಂದರು.

ಇವತ್ತು ಮತ್ತೆ ಐದು ತುಂಬಿದೆ. ಬಸ್ಸಿನಲ್ಲಿ ತೊಡೆ ಮೇಲಿಟ್ಟ ಪೆಟ್ಟಿಗೆ ತಣ್ಣಗಾಗುತ್ತಾ ಬಂತು. ತೆರೆದು ನೋಡಲಿಲ್ಲ; ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.